ಥೈಲ್ಯಾಂಡ್‌ನಲ್ಲಿ ವಿದೇಶಿಯರ ವಾಸಸ್ಥಳ ವರದಿ

ಥೈಲ್ಯಾಂಡ್‌ನಲ್ಲಿ ವಿದೇಶಿಯರ ವಾಸಸ್ಥಳ ವರದಿ ಎಂಬುದು ಆ ದೇಶದಲ್ಲಿ ತಾತ್ಕಾಲಿಕ ಅನುಮತಿಯ ಮೇಲೆ ತಂಗಿರುವ ವಿದೇಶಿ ಪ್ರಜೆಗಳು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನು ಸರ್ಕಾರಕ್ಕೆ ತಿಳಿಸುವ ಕಾನೂನುಬದ್ಧ ವ್ಯವಸ್ಥೆಯಾಗಿದೆ. 1979ರ ವಲಸೆ ಕಾಯ್ದೆಯ 37 ಮತ್ತು 38ನೆಯ ಕಲಂಗಳು ಇದಕ್ಕೆ ಆಧಾರ. ವಿದೇಶಿಯು ದೇಶವನ್ನು ಪ್ರವೇಶಿಸಿದಾಗ ಮಾತ್ರವಲ್ಲದೆ, ದೇಶದೊಳಗೆಯೇ ಒಂದು ಪ್ರಾಂತ್ಯದಿಂದ ಮತ್ತೊಂದಕ್ಕೆ ಹೋಗಿ ತಂಗಿದಾಗಲೂ ಈ ನಿಯಮಗಳು ಅನ್ವಯಿಸುತ್ತವೆ. ವರದಿ ಸಲ್ಲಿಸುವ ಹೊಣೆಯ ಒಂದು ಭಾಗ ವಿದೇಶಿಯ ಮೇಲೂ ಇನ್ನೊಂದು ಭಾಗ ಆತನಿಗೆ ಆಶ್ರಯ ನೀಡಿದವರ ಮೇಲೂ ಇರುವುದು ಈ ವ್ಯವಸ್ಥೆಯ ವೈಶಿಷ್ಟ್ಯ. ಅದರ ಸುತ್ತ ಎದ್ದಿರುವ ಬಹುತೇಕ ತೊಡಕುಗಳಿಗೂ ಇದೇ ಮೂಲ.

ಕಾನೂನಿನ ಆಧಾರ

ಥಾಯ್ ಜನರು ಬಳಸುವ ಬೌದ್ಧ ಶಕೆಯ ವರ್ಷವು ಕ್ರಿಸ್ತಶಕಕ್ಕಿಂತ 543 ವರ್ಷ ಮುಂದಿದೆ. ಆದ್ದರಿಂದ 1979ರ ಈ ಕಾಯ್ದೆಯನ್ನು ಅಲ್ಲಿ ‘ವಲಸೆ ಕಾಯ್ದೆ, ಬೌದ್ಧ ಶಕೆ 2522’ ಎಂದು ಕರೆಯುತ್ತಾರೆ.

37ನೆಯ ಕಲಂ ವಿದೇಶಿಯ ಕರ್ತವ್ಯಗಳನ್ನು ಹೇಳುತ್ತದೆ. ಅವುಗಳಲ್ಲಿ ವಾಸಸ್ಥಳಕ್ಕೆ ಸಂಬಂಧಿಸಿದವು ಹೀಗಿವೆ:

• ಅಧಿಕಾರಿಗಳಿಗೆ ತಿಳಿಸಿದ ಸ್ಥಳದಲ್ಲಿಯೇ ವಾಸಿಸಬೇಕು. ಸಕಾರಣವಾಗಿ ಬೇರೆಡೆಗೆ ಹೋಗಬೇಕಾದಲ್ಲಿ, ಹೋದ 24 ಗಂಟೆಗಳೊಳಗೆ ತಿಳಿಸಬೇಕು.
• ವಾಸಸ್ಥಳಕ್ಕೆ ಬಂದ 24 ಗಂಟೆಗಳೊಳಗೆ ಆ ಪ್ರದೇಶದ ಪೊಲೀಸ್ ಠಾಣೆಗೆ ವರದಿ ಮಾಡಬೇಕು. ಹೊಸ ಮನೆಯು ಬೇರೆ ಠಾಣೆಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿಯೂ ವರದಿ ಮಾಡಬೇಕು.
• ಬೇರೊಂದು ಪ್ರಾಂತ್ಯಕ್ಕೆ ಪ್ರಯಾಣಿಸಿ ಅಲ್ಲಿ 24 ಗಂಟೆಗಳಿಗಿಂತ ಹೆಚ್ಚು ತಂಗುವುದಾದರೆ, ತಲುಪಿದ 48 ಗಂಟೆಗಳೊಳಗೆ ಅಲ್ಲಿನ ಪೊಲೀಸರಿಗೆ ತಿಳಿಸಬೇಕು.
• ದೇಶದಲ್ಲಿ 90 ದಿನಗಳಿಗಿಂತ ಹೆಚ್ಚು ಕಾಲ ಇದ್ದರೆ, ಪ್ರತಿ 90 ದಿನಗಳಿಗೊಮ್ಮೆ ತನ್ನ ವಾಸಸ್ಥಳವನ್ನು ಲಿಖಿತವಾಗಿ ತಿಳಿಸಬೇಕು.

ಪೊಲೀಸ್ ಠಾಣೆಯ ಬದಲಿಗೆ ಸ್ಥಳೀಯ ವಲಸೆ ಕಚೇರಿ ಇದ್ದಲ್ಲಿ ಅಲ್ಲಿಯೇ ವರದಿ ಸಲ್ಲಿಸಬಹುದು. ಎರಡನೆಯ ಮತ್ತು ಮೂರನೆಯ ಕರ್ತವ್ಯಗಳಿಂದ ಕೆಲವು ವರ್ಗದ ವಿದೇಶಿಯರಿಗೆ ಷರತ್ತುಬದ್ಧ ವಿನಾಯಿತಿ ನೀಡುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

38ನೆಯ ಕಲಂ ಆತಿಥೇಯರನ್ನು ಕುರಿತದ್ದು. ಮನೆಯ ಯಜಮಾನ, ಮಾಲೀಕ, ಮನೆಯನ್ನು ಸ್ವಾಧೀನದಲ್ಲಿಟ್ಟುಕೊಂಡವರು ಅಥವಾ ಹೋಟೆಲಿನ ವ್ಯವಸ್ಥಾಪಕರು ತಮ್ಮಲ್ಲಿಗೆ ವಿದೇಶಿಯು ಬಂದು ತಂಗಿದ 24 ಗಂಟೆಗಳೊಳಗೆ ವಲಸೆ ಕಚೇರಿಗೆ ತಿಳಿಸಬೇಕು. ಇದಕ್ಕೆ ಬಾಡಿಗೆಯ ಸಂಬಂಧ ಇರಲೇಬೇಕೆಂದಿಲ್ಲ. ಗೆಳೆಯನ ಮನೆಯಲ್ಲಿ ಉಳಿದರೂ, ಥಾಯ್ ಪತ್ನಿಯ ಹೆಸರಿನಲ್ಲಿರುವ ಮನೆಯಲ್ಲಿ ಪತಿಯಾಗಿ ವಾಸಿಸಿದರೂ ನಿಯಮ ಒಂದೇ.

ನಮೂನೆಗಳು

ವರದಿಗಳಿಗೆ ಬಳಸುವ ನಮೂನೆಗಳನ್ನು ‘ಟಿ.ಎಂ.’ ಎಂಬ ಅಕ್ಷರಗಳಿಂದ ಗುರುತಿಸಲಾಗುತ್ತದೆ. ವಲಸೆ ತಪಾಸಣೆ ಎಂಬ ಅರ್ಥದ ಥಾಯ್ ಪದಗಳ ಸಂಕ್ಷಿಪ್ತ ರೂಪ ಇದು.

• ಟಿ.ಎಂ. 28: ವಿಳಾಸ ಬದಲಾವಣೆಯನ್ನು ಅಥವಾ ಬೇರೆ ಪ್ರಾಂತ್ಯದಲ್ಲಿ 24 ಗಂಟೆ ಮೀರಿದ ವಾಸ್ತವ್ಯವನ್ನು ವಿದೇಶಿಯೇ ತಿಳಿಸುವ ನಮೂನೆ.
• ಟಿ.ಎಂ. 30: ಆತಿಥೇಯರು ಸಲ್ಲಿಸುವ ನಮೂನೆ.
• ಟಿ.ಎಂ. 47: 90 ದಿನಗಳಿಗೊಮ್ಮೆ ವಿದೇಶಿಯು ಸಲ್ಲಿಸುವ ವರದಿ. ಇದನ್ನು ನಿಗದಿತ ದಿನಕ್ಕೆ 15 ದಿನ ಮೊದಲಿನಿಂದ, ದಿನ ಕಳೆದ 7 ದಿನಗಳವರೆಗೆ ಸಲ್ಲಿಸಬಹುದು. ವಿದೇಶಿಯು ದೇಶದಿಂದ ಹೊರಹೋಗಿ ಮರಳಿದರೆ ದಿನಗಳ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ.

ಟಿ.ಎಂ. 30 ಮತ್ತು ಟಿ.ಎಂ. 47 ಬೇರೆ ಬೇರೆ ವರದಿಗಳು. ಒಂದನ್ನು ಸಲ್ಲಿಸಿದ ಮಾತ್ರಕ್ಕೆ ಮತ್ತೊಂದರಿಂದ ಬಿಡುಗಡೆಯಿಲ್ಲ. 2025ರ ಮೇ 1ರಿಂದ ವಿದೇಶಿಯರು ಪ್ರವೇಶಕ್ಕೆ ಮುನ್ನವೇ ಆನ್‌ಲೈನ್‌ನಲ್ಲಿ ಡಿಜಿಟಲ್ ಆಗಮನ ಪತ್ರವನ್ನು ತುಂಬಬೇಕಾಗಿದೆ. ಅದರಲ್ಲಿಯೂ ತಂಗುವ ವಿಳಾಸವನ್ನು ನಮೂದಿಸಬೇಕು. ಆದರೆ ಅದು ಆತಿಥೇಯರ ವರದಿಗೆ ಬದಲಿಯಲ್ಲ.

ಒಳನಾಡಿನ ಪ್ರವಾಸ

ಹೋಟೆಲಿನಲ್ಲಿ ಉಳಿಯುವ ಪ್ರವಾಸಿಗರ ಅನುಭವಕ್ಕೆ ಈ ನಿಯಮಗಳು ಸಾಮಾನ್ಯವಾಗಿ ಬರುವುದೇ ಇಲ್ಲ. ಕೊಠಡಿ ನೀಡುವಾಗ ಪಾಸ್‌ಪೋರ್ಟ್‌ನ ಪ್ರತಿ ಪಡೆಯುವ ಹೋಟೆಲಿನವರೇ ವರದಿಯನ್ನು ಕಳುಹಿಸುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದು ಮನೆ ಮಾಡಿಕೊಂಡು ದೀರ್ಘಕಾಲ ನೆಲೆಸಿರುವ ನೌಕರರು, ವಿದ್ಯಾರ್ಥಿಗಳು, ನಿವೃತ್ತರು ಮತ್ತು ಥಾಯ್ ಕುಟುಂಬಗಳೊಂದಿಗೆ ಸಂಬಂಧ ಬೆಳೆಸಿದವರಿಗೆ.

ಉದಾಹರಣೆಗೆ, ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆ ಮನೆಯಲ್ಲಿರುವ ಶಿಕ್ಷಕರೊಬ್ಬರು ಮೂರು ದಿನಗಳ ರಜೆಗೆ ಫುಕೆಟ್‌ಗೆ ಹೋಗುತ್ತಾರೆಂದು ಭಾವಿಸೋಣ. ಫುಕೆಟ್‌ನ ಹೋಟೆಲಿನವರು ವರದಿ ಮಾಡಿದ ಕೂಡಲೇ ಸರ್ಕಾರಿ ದಾಖಲೆಯಲ್ಲಿ ಶಿಕ್ಷಕರ ವಾಸಸ್ಥಳ ಫುಕೆಟ್ ಎಂದಾಗುತ್ತದೆ. ಅವರು ತಮ್ಮ ಮನೆಗೆ ಮರಳಿದಾಗ ದಾಖಲೆ ತಾನಾಗಿ ಹಿಂದಿನಂತಾಗುವುದಿಲ್ಲ. ನಿಯಮವನ್ನು ಅಕ್ಷರಶಃ ಓದಿದರೆ, ಚಿಯಾಂಗ್ ಮಾಯ್‌ನ ಮನೆಯ ಮಾಲೀಕರು 24 ಗಂಟೆಗಳೊಳಗೆ ಮತ್ತೆ ಟಿ.ಎಂ. 30 ಸಲ್ಲಿಸಬೇಕು. ಹೀಗೆ ಪ್ರತಿ ಪ್ರವಾಸಕ್ಕೂ ಒಂದು ಹೊಸ ವರದಿ ಬೇಕಾಗುತ್ತಿತ್ತು.

ದಂಡ

37ನೆಯ ಕಲಮಿನ ವರದಿಯ ಕರ್ತವ್ಯಗಳನ್ನು ಪಾಲಿಸದ ವಿದೇಶಿಗೆ 76ನೆಯ ಕಲಂ ಪ್ರಕಾರ 5,000 ಬಾತ್‌ವರೆಗೆ ದಂಡ ಮತ್ತು ಪಾಲಿಸುವವರೆಗೆ ದಿನಕ್ಕೆ 200 ಬಾತ್‌ವರೆಗೆ ಹೆಚ್ಚುವರಿ ದಂಡ ವಿಧಿಸಬಹುದು. 38ನೆಯ ಕಲಂ ಉಲ್ಲಂಘಿಸಿದ ಮನೆಯ ಮಾಲೀಕರಿಗೆ 77ನೆಯ ಕಲಮಿನಂತೆ 2,000 ಬಾತ್‌ವರೆಗೆ ದಂಡವಿದೆ. ತಪ್ಪಿದವರು ಹೋಟೆಲಿನ ವ್ಯವಸ್ಥಾಪಕರಾದರೆ ದಂಡವು 2,000ದಿಂದ 10,000 ಬಾತ್.

ಹೊಣೆ ಮತ್ತು ಪರಿಣಾಮ

ಕಾಯ್ದೆಯ ಪ್ರಕಾರ ಟಿ.ಎಂ. 30 ಸಲ್ಲಿಸಬೇಕಾದವರು ಆತಿಥೇಯರು. ದಂಡಕ್ಕೆ ಗುರಿಯಾಗಬೇಕಾದವರೂ ಅವರೇ. ಆದರೆ ವೀಸಾ ಅವಧಿಯನ್ನು ವಿಸ್ತರಿಸಿಕೊಳ್ಳಲು ವಲಸೆ ಕಚೇರಿಯ ಮುಂದೆ ನಿಲ್ಲುವವನು ವಿದೇಶಿ. ವಾಸಸ್ಥಳದ ವರದಿಯ ಸ್ವೀಕೃತಿ ಚೀಟಿ ಇಲ್ಲದಿದ್ದರೆ ಅರ್ಜಿಯನ್ನು ತಡೆಹಿಡಿಯುವ ಕಚೇರಿಗಳಿರುವುದರಿಂದ, ಮಾಲೀಕರು ಮಾಡದ ಕೆಲಸದ ಫಲವನ್ನು ಬಾಡಿಗೆದಾರ ಅನುಭವಿಸಬೇಕಾಗುತ್ತದೆ. ಮಾಲೀಕರು ಬೇರೆ ಊರಿನಲ್ಲಿದ್ದರೆ ಅಥವಾ ಸಹಕರಿಸದಿದ್ದರೆ ಆತನೇ ದಂಡ ತೆತ್ತು ಕೆಲಸ ಮುಗಿಸಿಕೊಳ್ಳುವ ಸಂದರ್ಭಗಳೂ ಉಂಟು. ಬಾಡಿಗೆದಾರನನ್ನು ಮನೆಯನ್ನು ಸ್ವಾಧೀನದಲ್ಲಿಟ್ಟುಕೊಂಡವನೆಂದು ಪರಿಗಣಿಸಿ, ಆತನೇ ವರದಿ ಸಲ್ಲಿಸಲು ಕೆಲವು ಕಚೇರಿಗಳು ಅವಕಾಶ ನೀಡುತ್ತವೆ. ಪಾಲನೆಯ ಕ್ರಮ ಎಲ್ಲ ಪ್ರಾಂತ್ಯಗಳಲ್ಲಿ ಒಂದೇ ರೀತಿ ಇಲ್ಲ.

2019ರ ವಿವಾದ ಮತ್ತು 2020ರ ಸಡಿಲಿಕೆ

38ನೆಯ ಕಲಂ ದಶಕಗಳ ಕಾಲ ಹೋಟೆಲುಗಳ ಮಟ್ಟಿಗೆ ಜಾರಿಯಲ್ಲಿದ್ದು, ಖಾಸಗಿ ಮನೆಗಳ ವಿಷಯದಲ್ಲಿ ಬಹುಪಾಲು ಕಾಗದದ ಮೇಲೆಯೇ ಉಳಿದಿತ್ತು. 2019ರಲ್ಲಿ ಅಧಿಕಾರಿಗಳು ಅದನ್ನು ಬಿಗಿಯಾಗಿ ಜಾರಿಗೊಳಿಸತೊಡಗಿದಾಗ ವ್ಯಾಪಕ ಅಸಮಾಧಾನ ಉಂಟಾಯಿತು. ನಿಯಮವನ್ನು ಕೈಬಿಡಬೇಕೆಂದು ಕೋರಿ ವಿದೇಶಿ ನಿವಾಸಿಗಳು ಆನ್‌ಲೈನ್‌ನಲ್ಲಿ ಸಹಿ ಸಂಗ್ರಹ ನಡೆಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನ ವಿದೇಶಿ ಪತ್ರಕರ್ತರ ಕ್ಲಬ್‌ನಲ್ಲಿ ಈ ಕುರಿತು ಸಾರ್ವಜನಿಕ ಚರ್ಚೆ ನಡೆಯಿತು. ರಾಷ್ಟ್ರೀಯ ಭದ್ರತೆ ಮತ್ತು ಅಪರಾಧಿಗಳ ಪತ್ತೆಗೆ ಇಂಥ ದಾಖಲೆ ಅಗತ್ಯವೆಂಬುದು ವಲಸೆ ಇಲಾಖೆಯ ವಾದ. ಕಾನೂನಿಗೆ ವಿಧೇಯರಾಗಿ ನೆಲೆಸಿರುವವರಿಗೆ ಮಾತ್ರ ಇದು ಹೊರೆಯಾಗುತ್ತದೆ, ತಲೆಮರೆಸಿಕೊಂಡವರು ಹೇಗೂ ವರದಿ ಮಾಡುವುದಿಲ್ಲ ಎಂಬುದು ವಿರೋಧಿಗಳ ವಾದ.

2020ರ ಜೂನ್ ಅಂತ್ಯದಲ್ಲಿ ನಿಯಮ ಸಡಿಲವಾಯಿತು. ಒಮ್ಮೆ ವರದಿಯಾದ ವಿದೇಶಿಯು ಅನುಮತಿಯ ಅವಧಿಯೊಳಗೆ ಬೇರೆಡೆಗೆ ಹೋಗಿ ಅದೇ ವಾಸಸ್ಥಳಕ್ಕೆ ಮರಳಿದರೆ ಆತಿಥೇಯರು ಮತ್ತೆ ವರದಿ ಮಾಡಬೇಕಿಲ್ಲ. ಮರುಪ್ರವೇಶದ ಅನುಮತಿ ಅಥವಾ ಬಹುಪ್ರವೇಶದ ವೀಸಾ ಹೊಂದಿ ವಿದೇಶಕ್ಕೆ ಹೋಗಿಬಂದವರಿಗೂ ಇದು ಅನ್ವಯಿಸುತ್ತದೆ. ಹೊಸ ವಿಳಾಸಕ್ಕೆ ಹೋದರೆ ಮಾತ್ರ ಹೊಸ ವರದಿ ಅಗತ್ಯ. ಕಾಯ್ದೆಯ ಕಲಂಗಳು ಮಾತ್ರ ಬದಲಾಗಿಲ್ಲ.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿಯೂ ವಿದೇಶಿ ಅತಿಥಿಯು ಬಂದ 24 ಗಂಟೆಗಳೊಳಗೆ ವರದಿ ಮಾಡುವ ಪದ್ಧತಿಯಿದೆ. ಇದು ‘ಸಿ ಫಾರಂ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಮೈಸೂರಿನ ಗೋಕುಲಂನಲ್ಲಿ ಯೋಗಾಭ್ಯಾಸಕ್ಕೆ ಬರುವ ವಿದೇಶಿಯರಿಗೆ ವಸತಿ ನೀಡುವವರಿಗೆ ಈ ಹೆಸರು ಪರಿಚಿತ. ಆದರೆ ಒಳನಾಡಿನ ಪ್ರಯಾಣದ ವಿಷಯದಲ್ಲಿ ಭಾರತದ ನಿಯಮ ಹೆಚ್ಚು ಉದಾರವಾಗಿತ್ತು. 1992ರ ವಿದೇಶಿಯರ ನೋಂದಣಿ ನಿಯಮಗಳ ಪ್ರಕಾರ, ನೋಂದಾಯಿತ ವಿದೇಶಿಯು ಎಂಟು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತವಾಗಿ ತನ್ನ ವಿಳಾಸದಿಂದ ದೂರವಿರುವುದಾದರೆ ಮಾತ್ರ ನೋಂದಣಿ ಅಧಿಕಾರಿಗೆ ತಿಳಿಸಬೇಕಾಗಿತ್ತು. 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆಗಳ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವಸತಿ ನೀಡುವವರ ಜೊತೆಗೆ ಶಿಕ್ಷಣ ಸಂಸ್ಥೆಗಳು ಮತ್ತು ಆಸ್ಪತ್ರೆಗಳು ಕೂಡ ವಿದೇಶಿಯರ ಮಾಹಿತಿಯನ್ನು ಒದಗಿಸಬೇಕೆಂದು ಈ ಕಾಯ್ದೆ ಹೇಳುತ್ತದೆ.