‘ಪಚ್ಚ’ ಯಾವ ಬಣ್ಣ? ಒಂದು ವರ್ಣಪದದ ಚರಿತ್ರೆ

ವಿಜಯವಾಡದಲ್ಲಿಯೋ ವಿಶಾಖಪಟ್ಟಣದಲ್ಲಿಯೋ ‘ಪಚ್ಚ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನು ಅದನ್ನು ತನ್ನ ‘ಪಚ್ಚೆ’ಯೆಂದೇ ಗ್ರಹಿಸುತ್ತಾನೆ, ಎಡವುವುದೂ ಅಲ್ಲಿಯೇ. 1982ರಲ್ಲಿ ಎನ್.ಟಿ. ರಾಮರಾವ್ ಸ್ಥಾಪಿಸಿದ ತೆಲುಗುದೇಶಂ ಪಕ್ಷದ ಬಾವುಟ ಹಳದಿ. ಅಭಿಮಾನಿಗಳು ಅದನ್ನು ‘ಪಸುಪು’ ಎನ್ನುತ್ತಾರೆ. ವಿರೋಧಿಗಳ ಮೂದಲಿಕೆಯಲ್ಲಿ ಅದೇ ‘ಪಚ್ಚ’. ಹಸಿರು ಬಾವುಟವೆಂದು ಕನ್ನಡಿಸಿದವನು ಪಕ್ಷವನ್ನೇ ಬದಲಿಸಿದಂತಾಗುತ್ತದೆ. ಕಾಯಿಲೆಯ ಹೆಸರಿನಲ್ಲಿಯೂ ಇದೇ ತೊಡಕು: ನಮ್ಮ ಅರಿಶಿನ ಕಾಮಾಲೆ ಅಲ್ಲಿ ‘ಪಚ್ಚಕಾಮೆರ್ಲು’.

ಧಾತು ಎರಡೂ ಭಾಷೆಗಳಿಗೆ ಒಂದೇ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (1961, ಎರಡನೆಯ ಆವೃತ್ತಿ 1984) ಇವುಗಳನ್ನು ಒಂದೆಡೆ ಸೇರಿಸುತ್ತದೆ. ಹಳಗನ್ನಡದ ‘ಪಸುರ್’ ಪಕಾರವು ಹಕಾರವಾದ ಮೇಲೆ ‘ಹಸಿರು’ ಆಯಿತು. ‘ಹಸಿ’, ‘ಹಸುಳೆ’ಗಳೂ ಈ ಬಳಗದವೇ. ತೆಲುಗಿನಲ್ಲಿ ಇದೇ ಬುಡದಿಂದ ‘ಪಸುಪು’ (ಅರಿಶಿನ), ‘ಪಸಿಮಿ’ (ಹೊಂಬಣ್ಣ), ‘ಪಸಿಡಿ’ (ಚಿನ್ನ) ಹುಟ್ಟಿದವು. ತಮಿಳು ‘ಪಚ್ಚೈ’ಯನ್ನು ಹಸಿರಿಗೆ ಮೀಸಲಿಟ್ಟರೂ ಅಪರಂಜಿಯನ್ನು ‘ಪಸುಂಪೊನ್’ ಎಂದೇ ಕರೆಯಿತು. ಎಳೆತನ, ಹಸಿತನ ಎಂಬುದೇ ಮೂಲಾರ್ಥವಾಗಿದ್ದು ಬಣ್ಣ ಅನಂತರ ಬಂದಿರಬೇಕೆಂಬುದು ನನ್ನ ಎಣಿಕೆ. ಚಿಗುರು ಹಳದಿಯೂ ಹೌದು, ಹಸಿರೂ ಹೌದು. ಕನ್ನಡವು ಹಸಿರಿನ ಕಡೆಗೆ ವಾಲಿ, ಹಳದಿಗೆ ‘ಹರಿದ್ರಾ’ ಮೂಲದ ಪದವನ್ನು ಕಡ ತಂದಿತು. ವಿನೋದವೆಂದರೆ, ಅದರ ಹಿಂದಿರುವ ಸಂಸ್ಕೃತದ ‘ಹರಿ’ ಶಬ್ದಕ್ಕೂ ಹಳದಿ, ಹಸಿರು ಎರಡೂ ಅರ್ಥಗಳುಂಟು!

ನೀಲಿಯ ಛಾಯೆಯೂ ಈ ಪದಕ್ಕೆ ಅಂಟಿಕೊಂಡಿದೆ. ಮೈಮೇಲೆ ಚುಚ್ಚಿಸಿಕೊಳ್ಳುವ ನೀಲಿಹಸಿರು ಗುರುತು ತೆಲುಗರಿಗೆ ‘ಪಚ್ಚಬೊಟ್ಟು’, ನಮಗೆ ‘ಹಚ್ಚೆ’. ಒಂದು ಪದ ಇಷ್ಟು ಹರವನ್ನು ಆವರಿಸುವುದು ಭಾಷೆಯ ಬಡತನವೆಂದು ಬಗೆಯುವವರಿದ್ದಾರೆ, ಅದು ಸಲ್ಲದು. ಬರ್ಲಿನ್ ಮತ್ತು ಕೇ ಅವರ 1969ರ ಗ್ರಂಥದಿಂದ ಮೊದಲಾದ ಚರ್ಚೆಯಲ್ಲಿ ಇಂತಹ ಭಾಷೆಗಳು ಹಲವು ಬಂದಿವೆ. ಚಲನಚಿತ್ರಕ್ಕಾಗಿ ಕ್ಲಿಂಗನ್ ಭಾಷೆಯನ್ನು ಕಟ್ಟಿದ ಮಾರ್ಕ್ ಓಕ್ರಾಂಡ್, ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಅಭ್ಯಸಿಸಿದ ವಿದ್ವಾಂಸ. 1985ರಲ್ಲಿ ನಿಘಂಟು ಹೊರಬಂದ ಆ ಭಾಷೆಗೆ ಅವರು ಕೊಟ್ಟ ಮೂಲ ವರ್ಣಪದಗಳು ನಾಲ್ಕೇ: ಬಿಳಿ, ಕಪ್ಪು, ಕಿತ್ತಳೆಯನ್ನೂ ಒಳಗೊಂಡ ಕೆಂಪು, ಮತ್ತು ಹಸಿರು–ನೀಲಿ–ಹಳದಿಗಳಿಗೆ ಸೇರಿ ‘ಷುಡ್’ ಎಂಬ ಒಂದೇ ಪದ. ಕಲ್ಪಿತ ಭಾಷೆಯ ಈ ವಿಚಿತ್ರವು ಕೃಷ್ಣಾತೀರದವರಿಗೆ ವಿಚಿತ್ರವೆನಿಸಲಾರದು. ನಿಖರತೆ ಬೇಕಾದಾಗ ಕ್ಲಿಂಗನ್ ಭಾಷಿಕನು ‘ತಿಳಿಯಾದ’ ಎಂಬಂತಹ ಮಾತು ಕೂಡಿಸುತ್ತಾನೆ. ತೆಲುಗರು ವಸ್ತುವನ್ನೇ ಮುಂದಿರಿಸುತ್ತಾರೆ: ಎಲೆಯ ‘ಆಕುಪಚ್ಚ’, ಗಿಳಿಯ ‘ಚಿಲಕಪಚ್ಚ’, ಅರಿಶಿನದ ‘ಪಸುಪುಪಚ್ಚ’.

ಮಚಲೀಪಟ್ಟಣ, ರಾಜಮಹೇಂದ್ರಿಗಳಲ್ಲಿ ಅಧಿಕಾರಿಯಾಗಿದ್ದ ಸಿ.ಪಿ. ಬ್ರೌನರ ತೆಲುಗು ನಿಘಂಟು (1852) ಎರಡೂ ಅರ್ಥಗಳನ್ನು ದಾಖಲಿಸಿದೆ. ಕನ್ನಡದ ಮಟ್ಟಿಗೆ ಕಿಟೆಲ್ಲರ ಕೋಶವನ್ನು (1894) ಮಾತ್ರ ನೆಚ್ಚಿ ತೆಲುಗು ಪಠ್ಯವನ್ನೋದುವವರು ಇದನ್ನೂ ಬಳಿಯಲ್ಲಿರಿಸಿಕೊಳ್ಳುವುದು ಲೇಸು. ಒಡವೆಗಳ ಪ್ರಸಂಗದಲ್ಲಂತೂ ಹಳದಿಯ ಪ್ರಶ್ನೆಯೇ ಇಲ್ಲ. ‘ಕನ್ನಡರಾಜ್ಯ ರಮಾರಮಣ’ ಬಿರುದಿನ ಕೃಷ್ಣದೇವರಾಯನು 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲದಲ್ಲಿ ಆಭರಣಗಳನ್ನು ಅರ್ಪಿಸಿ ತೆಲುಗು ಶಾಸನ ಹಾಕಿಸಿದನು. ಅಂತಹ ಕೊಡುಗೆಗಳ ಮಾತಿನಲ್ಲಿ ‘ಪಚ್ಚಲು’ ಎಂದರೆ ಮರಕತಗಳೇ. ಅದೇ ದೇವಾಲಯಗಳಲ್ಲಿ ಬಳಕೆಯಾಗುವ ಪಚ್ಚಕರ್ಪೂರದ ಬಣ್ಣವಾದರೋ ಬಿಳುಪು. ಅಲ್ಲಿ ಪದವು ಬಣ್ಣವನ್ನು ಬಿಟ್ಟು ತನ್ನ ಹಳೆಯ ‘ಹಸಿ’ ಅರ್ಥದಲ್ಲಿಯೇ ನಿಂತಿದೆ.