ಕಾಲೇಜು ಪತ್ರಿಕೆ: ಸಾಣಿಗೆ ಯಾರ ಕೈಯಲ್ಲಿ?

ಹುಬ್ಬಳ್ಳಿಯ ಕೇಶ್ವಾಪುರದ ಹಳೆಯ ಮನೆಗಳಲ್ಲಿ ಟ್ರಂಕು ತೆರೆದು ನೋಡಿದರೆ ಮದುವೆಯ ಆಲ್ಬಮ್ಮು, ಅಂಕಪಟ್ಟಿಗಳ ನಡುವೆ ಒಂದಾದರೂ ಕಾಲೇಜು ವಾರ್ಷಿಕ ಸಂಚಿಕೆ ಸಿಗುವುದುಂಟು. ಅದರಲ್ಲಿ ಮನೆಯ ಹಿರಿಯರೊಬ್ಬರ ಕವಿತೆ. ಕೆಳಗೆ ಹೆಸರು, ‘ಬಿ.ಎ. ದ್ವಿತೀಯ ವರ್ಷ’ ಎಂಬ ಒಕ್ಕಣೆ. ಆ ಕವಿ ಮುಂದೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ ಹಿಡಿದು ಮತ್ತೆ ಬರೆಯದೇ ಹೋಗಿರಬಹುದು. ಪುಟ ಮಾತ್ರ ಜೋಪಾನವಾಗಿದೆ. ಆದರೆ ಆ ಕವಿತೆಯನ್ನು ಆರಿಸಿದವರು ಯಾರು? ಅದೇ ವರ್ಷ ಬದಿಗೆ ಸರಿದ ಕವಿತೆಗಳು ಯಾರವು?

ಆಯ್ಕೆಯ ಕ್ರಮ ಬಹುತೇಕ ಕಾಲೇಜುಗಳಲ್ಲಿ ಒಂದೇ ತೆರನಾದದ್ದು. ಪ್ರವೇಶದ ವೇಳೆಗೇ ಮ್ಯಾಗಝಿನ್ ಫೀ ವಸೂಲಾಗುವುದರಿಂದ ಇಲ್ಲಿ ಚಂದಾದಾರರೇ ಓದುಗರು, ಓದುಗರೇ ಲೇಖಕರು. ಸೂಚನಾ ಫಲಕದಲ್ಲಿ ಬರಹ ಕೇಳಿ ನೋಟೀಸು ಬೀಳುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ವಿಭಾಗಗಳಿಗೆ ಒಬ್ಬೊಬ್ಬ ಅಧ್ಯಾಪಕರು, ಅವರ ಜೊತೆಗೆ ಒಬ್ಬಿಬ್ಬರು ವಿದ್ಯಾರ್ಥಿ ಸಂಪಾದಕರು. ಬರುವುದರಲ್ಲಿ ಕವಿತೆಯೇ ಹೆಚ್ಚು. ಅದರಲ್ಲೂ ತಾಯಿ, ನಾಡು, ಪ್ರೇಮ. ಅಧ್ಯಾಪಕರಿಗೆ ಮೊದಲು ಬೀಳುವ ಕೆಲಸ ಒಳ್ಳೆಯದನ್ನು ಹುಡುಕುವುದಲ್ಲ, ಕದ್ದದ್ದನ್ನು ಹಿಡಿಯುವುದು. ಹಿಂದೆ ವಾರಪತ್ರಿಕೆಗಳಿಂದ ಇಳಿಸಿಕೊಳ್ಳುತ್ತಿದ್ದರು, ಈಗ ಮೊಬೈಲಿನಿಂದ. ಆಮೇಲೆ ಪುಟಗಳ ಲೆಕ್ಕ. ಅಚ್ಚಿನ ಮನೆಯಲ್ಲಿ ಹಾಳೆ ಮಡಚಿದರೆ ಎಂಟು ಇಲ್ಲವೇ ಹದಿನಾರು ಪುಟ. ಪ್ರಾಚಾರ್ಯರ ವರದಿ, ಕ್ರೀಡಾ ವರದಿ, ತಂಡಗಳ ಭಾವಚಿತ್ರ ಕಳೆದು ಉಳಿದದ್ದು ಸಾಹಿತ್ಯಕ್ಕೆ. ಹನ್ನೆರಡು ಪುಟದ ಕಥೆ ಎಷ್ಟೇ ಚೆನ್ನಾಗಿರಲಿ, ಹೊರಗುಳಿಯುತ್ತದೆ. ನಾಲ್ಕು ಸಾಲಿನ ಚುಟುಕ ಪುಟದ ತಳದ ಖಾಲಿ ಜಾಗದಲ್ಲಿ ನುಸುಳಿಕೊಳ್ಳುತ್ತದೆ. ಚುಟುಕದ ಜನಪ್ರಿಯತೆಗೆ ಅಚ್ಚುಮೊಳೆ ಜೋಡಿಸುವವರ ಉಪಕಾರವೂ ಇದೆ ಎಂದರೆ ಅದು ಬರೀ ತಮಾಷೆಯಲ್ಲ.

ಇವೆಲ್ಲ ಹೊರಗಿನ ತೊಡಕುಗಳು. ಒಳಗಿನ ತೊಡಕು ಬೇರೆ. ಪತ್ರಿಕೆ ಇರುವುದು ಸಾಹಿತ್ಯಕ್ಕಾಗಿಯೋ, ವಿದ್ಯಾರ್ಥಿಗಾಗಿಯೋ? ಗುಣ ನೋಡಿ ಆರಿಸಿದರೆ ಚೊಚ್ಚಲು ಬರಹಗಾರ ಬಾಡುತ್ತಾನೆ. ಪ್ರೋತ್ಸಾಹವೆಂದು ಎಲ್ಲವನ್ನೂ ಹಾಕಿದರೆ ಸಂಚಿಕೆ ರದ್ದಿಯಾಗುತ್ತದೆ.

ಈ ಇಕ್ಕಟ್ಟಿಗೆ ಕನ್ನಡದಲ್ಲಿ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕ ಹೊರಟದ್ದು 1919ರಲ್ಲಿ. ಮುಂದೆ ‘ವಚನ ಭಾರತ’ ಬರೆದ ಎ. ಆರ್. ಕೃಷ್ಣಶಾಸ್ತ್ರಿಗಳು ಅದರ ಚೇತನ. ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲೇ ಪ್ರತಿಷ್ಠೆ ಇದ್ದ ಕಾಲೇಜಿನೊಳಗೆ ಕನ್ನಡದಲ್ಲಿ ಗಂಭೀರವಾಗಿ ಬರೆಯಬಹುದೆಂದು ತೋರಿಸಬೇಕಾಗಿದ್ದ ಪತ್ರಿಕೆ ಅದು. ತೋರಿಸಬೇಕಾದಾಗ ಸಾಣಿಗೆಯ ಕಣ್ಣು ಸಣ್ಣದಾಗುವುದು ಸಹಜವೇ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ಪತ್ರಿಕೆ ವಿದ್ವತ್ತಿನ ವೇದಿಕೆಯೆಂದು ಹೆಸರಾಯಿತು. ಕನ್ನಡಕ್ಕೆ ಇದು ದೊಡ್ಡ ಲಾಭವೇ ಸರಿ. ಆದರೆ ವಿದ್ವಾಂಸರ ಲೇಖನದ ಪಕ್ಕದಲ್ಲಿ ಹತ್ತೊಂಬತ್ತರ ಹುಡುಗನ ಮೊದಲ ಕವಿತೆಗೆ ಎಷ್ಟು ಜಾಗ ಸಿಕ್ಕೀತು? ಅವನಿಗೆ ಉಳಿದದ್ದು ಗುಂಪು ಫೋಟೋಗಳ ವಾರ್ಷಿಕ ಸಂಚಿಕೆಯೇ.

ಧಾರವಾಡ ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಪ್ರತಿಭಾವಂತ ಹುಡುಗರಿಗೆ ಪರೀಕ್ಷಕರು ಸಿಕ್ಕಿದ್ದು ಕಾಲೇಜಿನ ಹೊರಗೆ. ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಕವಿತೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ಮಾತಿರಲಿಲ್ಲ. ಎದುರಿಗೆ ಕುಳಿತು ಓದಬೇಕು. ಇಂಗ್ಲಿಷಿನತ್ತ ಒಲಿದಿದ್ದ ವಿನಾಯಕ ಕೃಷ್ಣ ಗೋಕಾಕರು ಕನ್ನಡದ ಕವಿಯಾದದ್ದು ಬೇಂದ್ರೆಯವರ ಈ ಸಹವಾಸದಿಂದ. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ಮುಂದೆ ಸುಭಾಸ ರಸ್ತೆಯ ಅದರ ಅಟ್ಟವೂ ಇಂಥದೇ ಓದಿನ ಮನೆಯಾಯಿತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತು ಅಲ್ಲಿ ತೂಕದ್ದು. ಕರ್ನಾಟಕ ಕಾಲೇಜಿನಲ್ಲೇ ಓದಿದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಈ ಗ್ರಂಥಮಾಲೆಯಿಂದ. ಆಗ ಲೇಖಕರಿಗೆ ಇನ್ನೂ 23. ಇಂಥ ಅಟ್ಟದಲ್ಲಿ ಒಪ್ಪಿಗೆಯಾಗದ ಬರಹಕ್ಕೂ ಒಂದು ಉತ್ತರ ಸಿಗುತ್ತದೆ, ಯಾಕೆ ಬೇಡ ಎಂಬುದು ಕಿವಿಗೆ ಬೀಳುತ್ತದೆ. ಆದರೆ ಅಟ್ಟ ಹತ್ತುವ ಧೈರ್ಯ ಬೇಕಲ್ಲ! ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನಿಗೆ, ಸಂಜೆಯಾಗುತ್ತಲೇ ಮನೆ ಸೇರಬೇಕಾಗಿದ್ದ ಹುಡುಗಿಗೆ ಆ ಮೆಟ್ಟಿಲು ಎತ್ತರದ್ದೇ ಆಗಿತ್ತು.

1964ರಲ್ಲಿ ಆರಂಭವಾದ ‘ಸಂಕ್ರಮಣ’ವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ, ಮೂವರೂ 1939ರಲ್ಲಿ ಹುಟ್ಟಿದವರು. ಇಪ್ಪತ್ತೈದರ ತರುಣರು ತಮ್ಮ ವಾರಿಗೆಯವರ ಬರಹವನ್ನು ತಾವೇ ಆರಿಸತೊಡಗಿದರು. ಅದು ಯಾವ ಕಾಲೇಜಿನ ಪತ್ರಿಕೆಯೂ ಅಲ್ಲ. ಆದರೆ ವಾರ್ಷಿಕ ಸಂಚಿಕೆಗೆ ಹೆಚ್ಚಾದ, ವಿದ್ವತ್ಪತ್ರಿಕೆಗೆ ಒಗ್ಗದ ಬರಹ ನಿಲ್ಲಬಹುದಾದ ಜಾಗ ಅದಾಗಿತ್ತು. ಸಾಣಿಗೆಯ ಕಣ್ಣು ಇಲ್ಲೂ ಸ್ಥಿರವಾಗಿರಲಿಲ್ಲ. ನವ್ಯದ ಕಾಲದಲ್ಲಿ ಹುಟ್ಟಿದ ಪತ್ರಿಕೆ ಮುಂದೆ ಚಂಪಾ ಅವರ ಕೈಯಲ್ಲಿ ಬಂಡಾಯದ ದನಿಯಾಯಿತು. ಮೊದಲ ವರ್ಷಗಳಲ್ಲಿ ಒಪ್ಪಿತವಾದ ಕವಿತೆ ಎಂಬತ್ತರ ದಶಕದಲ್ಲಿ ಬಂದಿದ್ದರೆ ಬದಿಗೆ ಸರಿಯುತ್ತಿತ್ತೇನೋ. ಆಯ್ಕೆಗಾರರು ‘ಗುಣ’ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಅದರ ಅರ್ಥ ಮಾತ್ರ ದಶಕಕ್ಕೊಮ್ಮೆ ಬದಲಾಗುತ್ತದೆ.

ವಾರ್ಷಿಕ ಸಂಚಿಕೆಯ ಹುಡುಗನಿಗೆ ಈ ಚರ್ಚೆ ಯಾವುದೂ ತಲುಪುವುದಿಲ್ಲ. ಕವಿತೆ ಒಪ್ಪಿತವಾಯಿತೆಂದು ಯಾರೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಅಧ್ಯಾಪಕರಿಗೆ ತಾಸುಗಳ ಹೊರೆ. ಬಿಟ್ಟ ಪ್ರತಿಯೊಂದು ಕವಿತೆಗೂ ಎರಡು ಸಾಲು ಬರೆದುಕೊಡುವಷ್ಟು ಪುರಸೊತ್ತು ಎಲ್ಲಿಯದು? ಸಂಚಿಕೆ ಅಚ್ಚಾಗಿ ಬರುವ ಹೊತ್ತಿಗೆ ಎಷ್ಟೋ ಸಲ ಪರೀಕ್ಷೆ ಮುಗಿದಿರುತ್ತದೆ. ಕೊನೆಯ ವರ್ಷದವರು ಅಂಕಪಟ್ಟಿ ಒಯ್ಯಲು ಬಂದ ದಿನ ಆಫೀಸಿನ ಮೂಲೆಯ ಕಟ್ಟಿನಿಂದ ಒಂದು ಪ್ರತಿ ಎಳೆದುಕೊಂಡು, ನಿಂತಲ್ಲೇ ಪರಿವಿಡಿ ತೆರೆದು, ತಮ್ಮ ಹೆಸರಿದೆಯೇ ಎಂದು ಬೆರಳಾಡಿಸುತ್ತಾರೆ.