ಕೌದಿ ಬಿಚ್ಚಿದರೆ ಸಿಕ್ಕ ಚರಿತ್ರೆ

ಶಿವರಾತ್ರಿ ಮುಗಿದು ಚಳಿ ಹಿಂದೆ ಸರಿದ ಮೇಲೆ ನಮ್ಮ ಕಡೆ ಹಾಸಿಗೆ ಹೊದಿಕೆಗಳನ್ನೆಲ್ಲ ತೊಳೆದು ಬಿಸಿಲಿಗೆ ಹಾಕುವುದು ರೂಢಿ. ಈ ಸಲ ಅವ್ವ ಟ್ರಂಕಿನ ತಳದಿಂದ ಆಯಿಯ ಕೌದಿಯನ್ನು ಹೊರಗೆ ತೆಗೆದಳು. ಆಯಿ ತೀರಿಕೊಂಡಾಗ ಅವಳ ಹಾಸಿಗೆಯನ್ನೆಲ್ಲ ಹೊರಗೆ ಹಾಕಿದ್ದೆವು. ಈ ಕೌದಿ ಮಾತ್ರ ಹೇಗೆ ಉಳಿಯಿತು ಎಂದು ಕೇಳಿದೆವು.

"ಹೊಳ್ಯಾಗ ಬಿಡೂನು ಅಂದ್ರು ಎಲ್ಲಾರೂ. ನನಗ ಮನಸ್ಸಾಗ್ಲಿಲ್ಲೊ ತಮ್ಮಾ. ಮುಚ್ಚಿ ಇಟ್ಟಿದ್ದೆ" ಅಂದಳು.

ಕೌದಿ ಒಂದು ಕಡೆ ಪೂರ್ತಿ ಹರಿದಿತ್ತು. ಹಾಗೇ ಮೇಲೆ ಹೊಸ ಬಟ್ಟೆ ಹಾಕಿ ಹೊಲಿದರೆ ನಿಲ್ಲುವುದಿಲ್ಲ, ಹರಿದ ಭಾಗ ಬಿಚ್ಚಲೇಬೇಕು. ಅವ್ವ ಬ್ಲೇಡು ಕೊಟ್ಟಳು, ನಾವು ಕಟ್ಟೆಯ ಮೇಲೆ ಕೂತು ದಾರ ಕತ್ತರಿಸುತ್ತ ಹೋದೆವು. ಅವತ್ತು ಮಧ್ಯಾಹ್ನದ ಹೊತ್ತಿಗೆ ನಮಗೆ ಅರ್ಥವಾಗಿದ್ದು ಇಷ್ಟು: ನಾವು ಬಿಚ್ಚುತ್ತಿದ್ದದ್ದು ಹಾಸಿಗೆ ಅಲ್ಲ, ಸುಮಾರು ನೂರು ವರ್ಷದ ಕಡತ.

ಕೌದಿ ನಿಮಗೆಲ್ಲ ಗೊತ್ತು. ಹಳೆಯ ಸೀರೆ, ಧೋತರ, ಅಂಗಿ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬರುತ್ತಾರೆ. ಸವೆದರೆ ಎಸೆಯುವುದಿಲ್ಲ, ಮೇಲೆ ಇನ್ನೊಂದು ಪದರು ಸೇರಿಸುತ್ತಾರೆ. ಹೀಗಾಗಿ ಹೊಸದು ಮೇಲೆ, ಹಳೆಯದು ಒಳಗೆ. ಬಾವಿ ತೋಡುವಾಗ ಮಣ್ಣಿನ ಪದರು ಕಾಣುವ ಹಾಗೆ.

ಮೊದಲ ಪದರು: ಪಾಲಿಯೆಸ್ಟರ್

ಮೇಲಿನ ಪದರಿನಲ್ಲಿ ಅವ್ವನ ಎರಡು ಸಿಂಥೆಟಿಕ್ ಸೀರೆ, ಒಂದು ನೈಟಿ, ಮತ್ತೆ ಆಕಾಶ ಬಣ್ಣದ ಒಂದು ಚೌಕ ಇತ್ತು. ಆ ಚೌಕ ನೋಡಿದ ಕೂಡಲೇ ಕೈ ನಿಂತಿತು. ಅದು ನಮ್ಮದೇ ಶಾಲೆಯ ಅಂಗಿ.

ಐದನೇ ಇಯತ್ತೆಯಲ್ಲಿ ನಾವು ಆ ಅಂಗಿಗಾಗಿ ಒಂದು ದಿನ ಪೂರ್ತಿ ಅತ್ತಿದ್ದೆವು. ಉಳಿದ ಹುಡುಗರು ಪ್ಯಾಟಿಯಿಂದ ತಂದ ರೆಡಿಮೇಡ್ ಅಂಗಿ ಹಾಕಿದ್ದರು. ನಮ್ಮದು ಆಯಿ ಮನೆಯಲ್ಲಿ ಕೈಮಷಿನ್ನಿನ ಮೇಲೆ ಹೊಲಿದದ್ದು. ಕಾಲರು ಒಂದು ಕಡೆ ಸ್ವಲ್ಪ ಎದ್ದಿತ್ತು, ಕಿಸೆ ದೊಡ್ಡದಾಗಿತ್ತು. ಕಿಸೆ ದೊಡ್ಡದಾಗಿದ್ದು ಯಾಕೆಂದರೆ ನಾವು ಶೇಂಗಾ ತುಂಬಿಕೊಂಡು ಹೋಗುತ್ತಿದ್ದದ್ದು ಆಯಿಗೆ ಗೊತ್ತಿತ್ತು. ಅವತ್ತು ಅದು ತಿಳಿಯಲಿಲ್ಲ. "ಇಂಥಾ ಅಂಗಿ ಯಾರು ಹಾಕ್ಕೋತಾರ?" ಎಂದು ಎಸೆದಿದ್ದೆವು. ಆಯಿ ಏನೂ ಅನ್ನಲಿಲ್ಲ. ಮಾರನೇ ದಿನ ಕಾಲರು ಬಿಚ್ಚಿ ಮತ್ತೆ ಹೊಲಿದಿಟ್ಟಿದ್ದಳು.

ಈ ಪಾಲಿಯೆಸ್ಟರ್ ನಮ್ಮ ಹಳ್ಳಿಗೆ ಸುಮ್ಮನೆ ಬಂದದ್ದಲ್ಲ. 1985ರಲ್ಲಿ ಕೇಂದ್ರ ಸರ್ಕಾರ ಹೊಸ ಜವಳಿ ನೀತಿ ತಂದಿತು. ಅಲ್ಲಿಯವರೆಗೆ ಉದ್ಯೋಗ ಉಳಿಸುವುದು ದೊಡ್ಡ ಮಾತಾಗಿತ್ತು. ಈಗ ಕಡಿಮೆ ದರದಲ್ಲಿ ಹೆಚ್ಚು ಬಟ್ಟೆ ತಯಾರಿಸುವುದು ಮುಖ್ಯವಾಯಿತು. ಕೃತಕ ನೂಲಿಗೆ ದಾರಿ ಸಲೀಸಾಯಿತು. ಅದೇ ವರ್ಷ ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯೂ ಬಂತು. ಆದರೆ ಸಂತೆಯಲ್ಲಿ ಗೆದ್ದದ್ದು ಪಾಲಿಯೆಸ್ಟರ್. ಬಣ್ಣ ಹೋಗುವುದಿಲ್ಲ, ಇಸ್ತ್ರಿ ಬೇಡ, ಮಳೆಯಲ್ಲಿ ನೆಂದರೂ ಬೇಗ ಒಣಗುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದು ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ ಅದು ಸಣ್ಣ ಅನುಕೂಲವಲ್ಲ. ಅದನ್ನು ಬೈದು ಬರೆಯುವುದು ಸುಲಭ, ಒಗೆದವರನ್ನು ಕೇಳಿ ಬರೆಯಬೇಕು.

ಎರಡನೇ ಪದರು: ಇಳಕಲ್ಲು ಮತ್ತು ಖಣ

ಅದರ ಕೆಳಗೆ ಇಳಕಲ್ಲ ಸೀರೆ. ಮೈ ಹತ್ತಿಯದು, ಸೆರಗು ಕೆಂಪು. ಇಳಕಲ್ಲ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ತೆನಿ ಸೆರಗನ್ನು ನೋಡಿದ ಕೂಡಲೇ ಇದು ಯಾವ ಊರಿನ ಸೀರೆ ಎಂದು ಯಾರಾದರೂ ಹೇಳಬಹುದು. ಹೊಲದ ಕೆಲಸಕ್ಕೆ ಕಚ್ಚೆ ಹಾಕಿ ಉಡುವವರಿಗೆ ಒಂಬತ್ತು ಗಜದ್ದು ಬೇಕಿತ್ತು.

ಸೀರೆಯ ಪಕ್ಕದಲ್ಲೇ ಗುಳೇದಗುಡ್ಡದ ಖಣದ ತುಂಡು. ಒಂದು ಖಣದಲ್ಲಿ ಒಂದು ಕುಬಸ. ನಮ್ಮ ಕಡೆ ಬಸುರಿ ಹೆಂಗಸಿಗೆ ಮಾಡುವ ಸಂಭ್ರಮಕ್ಕೆ ಹೆಸರೇ ಕುಬಸ. ಬೇರೆ ಕಡೆ ಸೀಮಂತ ಅನ್ನುತ್ತಾರೆ, ನಮ್ಮಲ್ಲಿ "ಕುಬಸ ಮಾಡ್ಯಾರ" ಅಂದರೆ ಸಾಕು. ಒಂದು ಉಡುಪಿನ ಹೆಸರು ಒಂದು ಹಾರೈಕೆಯ ಹೆಸರಾಗಿದೆ.

ಇದೇ ಮಾತು ಭೂಮಿಗೂ ಬಂತು. ಸೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆಗೆ ಬಂದಿರುತ್ತದೆ. ಭೂಮ್ತಾಯಿ ಬಸುರಿ ಎಂದು ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಸೀರೆ ಖಣ ಏರಿಸಿ ಉಡಿ ತುಂಬಿ, ಚರಗ ಚೆಲ್ಲುತ್ತೇವೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೊಸ ಝೂಲ ಹೊದಿಸುತ್ತೇವೆ. ನಮ್ಮ ಹಿರಿಯರಿಗೆ ಧನ್ಯವಾದ ಎನ್ನುವ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಅದನ್ನು ಅವರು ಬಟ್ಟೆಯಲ್ಲಿ ಹೇಳುತ್ತಿದ್ದರು.

ಸೀರೆಯ ಸೆರಗಿನ ಹತ್ತಿರ ಕೈ ಅಗಲದಷ್ಟು ಕಸೂತಿ ಇತ್ತು, ಒಂದು ತೇರು ಅರ್ಧಕ್ಕೆ ನಿಂತಿತ್ತು. ಕಸೂತಿಗೆ ಗವಂತಿ, ಮುರಗಿ, ನೇಗಿ, ಹೆಂತಿ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತ ಹೋಗುತ್ತಾರೆ. ಶಾಲೆ ಮೆಟ್ಟಿಲು ಹತ್ತದ ನಮ್ಮ ಆಯಿ ಎಳೆ ಎಣಿಸುವುದರಲ್ಲಿ ತಪ್ಪುತ್ತಿರಲಿಲ್ಲ. ತೇರು ಯಾಕೆ ಅರ್ಧಕ್ಕೆ ನಿಂತಿತು ಎಂದು ಅವ್ವನಿಗೆ ಗೊತ್ತಿತ್ತು. "ಆಗ ನಿಮ್ಮ ಅಪ್ಪ ಹುಟ್ಟಿದ್ದ" ಅಂದಳು.

ಮೂರನೇ ಪದರು: ಬಟ್ಟೆ ಸಿಗದ ಕಾಲ

ಇನ್ನೂ ಒಳಗೆ ಸಣ್ಣ ಸಣ್ಣ ತುಂಡುಗಳೇ ಇದ್ದವು. ಅಂಗೈ ಅಗಲದ್ದು, ಬೆರಳಗಲದ್ದು. ತುಂಡಿಗೆ ತುಂಡು ಜೋಡಿಸಿ ಒಂದು ಪದರು ಮಾಡಿದ್ದರು. ಆಯಿ ಹೇಳುತ್ತಿದ್ದ "ಕಂಟ್ರೋಲ್ ಕಾಲ" ಇದೇ ಇರಬೇಕು ಎಂದು ನಮಗೆ ಅನ್ನಿಸಿತು.

ಎರಡನೇ ಮಹಾಯುದ್ಧದಲ್ಲಿ ಮಿಲ್ಲಿನ ಬಟ್ಟೆ ದೊಡ್ಡ ಪ್ರಮಾಣದಲ್ಲಿ ಸೈನ್ಯಕ್ಕೆ ಹೋಯಿತು. ಊರಲ್ಲಿ ದರ ಏರಿತು. 1943ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ಹೊರಡಿಸಿತು. ದರ ಸರ್ಕಾರ ಹೇಳಿದ್ದೇ. ಆದರೆ ಹೇಳಿದ ದರಕ್ಕೆ ಬಟ್ಟೆ ಸಿಗಬೇಕಲ್ಲ? ಆಯಿ ಆಗ ಸಣ್ಣ ಹುಡುಗಿ. ಅವಳ ಅವ್ವ ಮತ್ತು ಚಿಗವ್ವ ಹೊರಗೆ ಉಡುವ ಒಂದೇ ಸೀರೆಯನ್ನು ಸರದಿಯ ಮೇಲೆ ಉಡುತ್ತಿದ್ದರಂತೆ. ಒಬ್ಬಳು ಸಂತೆಗೆ ಹೋದರೆ ಇನ್ನೊಬ್ಬಳು ಮನೆಯಲ್ಲಿ. ಈ ಮಾತನ್ನು ಆಯಿ ನಗುತ್ತಲೇ ಹೇಳುತ್ತಿದ್ದಳು. ನಾವೂ ನಕ್ಕಿದ್ದೆವು. ಬೆರಳಗಲದ ತುಂಡುಗಳನ್ನು ಕೈಯಲ್ಲಿ ಹಿಡಿದಾಗ ನಗು ಬರಲಿಲ್ಲ.

ಒಳಗಿನ ಪದರು: ಕೈಯಲ್ಲಿ ನೂತ ನೂಲು

ಎಲ್ಲಕ್ಕಿಂತ ಒಳಗೆ ಒರಟು ಬಿಳಿ ಬಟ್ಟೆ, ಈಗ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಖಾದಿ. ಈ ಕೌದಿ ಆಯಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅವಳ ತವರು ಧಾರವಾಡ ತಾಲೂಕಿನ ಗರಗದ ಕಡೆಯ ಹಳ್ಳಿ.

ಇದನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಹಿಂದೆ ಹೋಗಬೇಕು. ಧಾರವಾಡ ಸೀಮೆಯ ಎರೆಮಣ್ಣು ಹತ್ತಿಗೆ ಹೇಳಿ ಮಾಡಿಸಿದ್ದು. 1840ರ ದಶಕದಲ್ಲಿ ಬ್ರಿಟಿಷರು ಇಲ್ಲಿ ಅಮೆರಿಕದ ಹತ್ತಿ ಬೀಜ ಬೆಳೆಸಿದರು. ಮುಂದೆ "ಧಾರವಾಡ ಅಮೆರಿಕನ್" ಎನ್ನುವ ಹೆಸರಿನ ಹತ್ತಿಯೇ ಮಾರುಕಟ್ಟೆಗೆ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಮಿಲ್ಲುಗಳಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ದರ ಬಂತು. ಯುದ್ಧ ಮುಗಿಯಿತು, ದರ ಕುಸಿಯಿತು. ಆದರೆ ಹತ್ತಿ ಹಡಗು ಹತ್ತುವುದು, ಬಟ್ಟೆ ಹಡಗು ಇಳಿಯುವುದು ನಿಲ್ಲಲಿಲ್ಲ. ಅರಳೆ ನಮ್ಮದು, ಅಂಗಿ ಅವರದು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸದಸ್ಯತ್ವಕ್ಕೆ ಹೊಸ ಷರತ್ತು ಬಂತು: ತಿಂಗಳಿಗೆ 2,000 ಗಜ ನೂಲು ಕೊಡಬೇಕು, ಪಕ್ಷದ ಕೆಲಸದಲ್ಲಿ ಖಾದಿ ಉಡಬೇಕು. ಈ ಷರತ್ತು ಒಂದು ವರ್ಷವೂ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅದನ್ನು ಸಡಿಲ ಮಾಡಿ, ನೂಲುವ ಕೆಲಸಕ್ಕೆ ಚರಕಾ ಸಂಘ ಎನ್ನುವ ಬೇರೆ ಸಂಸ್ಥೆ ಕಟ್ಟಿದರು. ಆದರೆ ಚರಕ ಹಳ್ಳಿಗಳಲ್ಲಿ ಉಳಿಯಿತು. ಭಾಷಣಕ್ಕೆ ಹೋಗದ ಹೆಂಗಸರು ನೂಲುತ್ತಿದ್ದರು, ಯಾಕೆಂದರೆ ನೂಲು ಕೊಟ್ಟರೆ ನಾಲ್ಕು ಕಾಸು ಬರುತ್ತಿತ್ತು.

ಗರಗದ ಖಾದಿ ಮುಂದೆ ರಾಷ್ಟ್ರಧ್ವಜದ ಬಟ್ಟೆಯೆಂದು ಹೆಸರಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಸಂಯುಕ್ತ ಸಂಘಕ್ಕೆ 2006ರಲ್ಲಿ ಧ್ವಜ ತಯಾರಿಸುವ ಅಧಿಕೃತ ಮಾನ್ಯತೆ ಸಿಕ್ಕಿತು. ನೂಲುವ, ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಬಂತು. ಮುಂದಿನ ವರ್ಷ ಮನೆಮನೆಯ ಮೇಲೆ ಬಾವುಟ ಹಾರಿತು. ಬೆಂಗೇರಿಯ ಹೆಣ್ಣುಮಕ್ಕಳು ತಮ್ಮ ಕೆಲಸ ಉಳಿಸಿರಿ ಎಂದು ಕೇಳಬೇಕಾಯಿತು. ಕೌದಿಯ ಒಳಗಿನ ಪದರಿಗೂ ಮೇಲಿನ ಪದರಿಗೂ ನಡೆದ ಜಗಳ ಧ್ವಜದವರೆಗೆ ಹೋಗಿದೆ.

ಕೌದಿಯಲ್ಲಿ ಇಲ್ಲದ್ದು

ಒಂದು ಬಟ್ಟೆ ಮಾತ್ರ ಕೌದಿಯೊಳಗೆ ಸೇರುವುದಿಲ್ಲ, ಕಂಬಳಿ. ಅದು ಮಳೆಗಾಲದ್ದು. ಕುರಿಯ ಉಣ್ಣೆ ಕತ್ತರಿಸಿ, ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಗಿ ಮಾಡಿ ನೇಯುತ್ತಾರೆ. ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ನಾಟಿ, ಕಳೆ, ಕುರಿ ಕಾಯುವುದು ಎಲ್ಲಕ್ಕೂ ನಡೆಯುತ್ತಿತ್ತು. ಈಗ ರಸಗೊಬ್ಬರದ ಪ್ಲಾಸ್ಟಿಕ್ ಚೀಲವೇ ಕೊಪ್ಪೆ. ದೇವರ ಗದ್ದುಗೆಗೆ ಮಾತ್ರ ಇನ್ನೂ ಕರಿ ಕಂಬಳಿಯೇ ಬೇಕು. ದೇವರಿಗೆ ಬೇಕಾದದ್ದು ನಮಗೆ ಯಾಕೆ ಬೇಡವಾಯಿತು ಎಂದು ಒಬ್ಬ ಕುರುಬ ಅಜ್ಜ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಋಣ ಯಾರಿಗೆ?

ಬಟ್ಟೆ ಮಾಡುವವರಿಗೆ ನಮ್ಮ ನಾಡು ಗೌರವ ಕೊಟ್ಟದ್ದುಂಟು. ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ಇಬ್ಬರೂ ವಚನಕಾರರು. ಗೌರವದ ಮಾತು ಅಲ್ಲಿಗೆ ಸರಿ. ಕೂಲಿಯ ಮಾತು ಬಂದಾಗ ನಾವು ಏನು ಮಾಡುತ್ತೇವೆ?

ನಮ್ಮದೇ ತಪ್ಪು ಹೇಳುತ್ತೇವೆ. ಕೌದಿ ಬಿಚ್ಚಿದ ಮೇಲೆ ಮತ್ತೆ ಹೊಲಿಯಲು ಅವ್ವನಿಗೆ ಕಣ್ಣು ಸಾಲದು. ಪಕ್ಕದ ಓಣಿಯಲ್ಲಿ ಕೌದಿ ಹೊಲಿಯುವ ಒಬ್ಬ ತಾಯಿ ಇದ್ದಾರೆ. ಅವರು ಕೂಲಿ ಹೇಳಿದರು. ನಾವು ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗೆ, "ಬಟ್ಟಿ ನಮ್ಮದು, ದಾರ ನಮ್ಮದು, ಇಷ್ಟ್ಯಾಕ?" ಎಂದೆವು.

ಅವರು ಸಿಟ್ಟಾಗಲಿಲ್ಲ. "ಹೌದ್ರೀ ಅಣ್ಣಾರ. ಬಟ್ಟಿ ನಿಮ್ಮದು, ದಾರ ನಿಮ್ಮದು. ಕಣ್ಣು ಮಾತ್ರ ನಮ್ಮದು" ಅಂದರು.

ಹದಿನೈದು ದಿನದ ಕೆಲಸ ಅದು. ಬೆಳಿಗ್ಗೆಯಿಂದ ಸಂಜೆವರೆಗೆ ನೆಲದ ಮೇಲೆ ಬಗ್ಗಿ ಕೂತು ಹೊಲಿಯಬೇಕು. ಊರಿನ ಬಟ್ಟೆಯ ಚರಿತ್ರೆ ಬರೆಯಲು ನೋಟ್‌ಬುಕ್ ತುಂಬಿಸಿಕೊಂಡಿದ್ದ ನಾವು, ಆ ಚರಿತ್ರೆ ಇನ್ನೂ ಮುಂದುವರಿಸುತ್ತಿರುವ ಕೈಗೆ ಕೂಲಿ ಕಡಿಮೆ ಮಾಡಲು ನೋಡಿದ್ದೆವು. ಆಯಿಯ ಅಂಗಿ ಎಸೆದ ಹುಡುಗ ಇನ್ನೂ ನಮ್ಮೊಳಗೇ ಇದ್ದ. ಅವರು ಕೇಳಿದ್ದಷ್ಟನ್ನೂ ಮೊದಲೇ ಕೊಟ್ಟೆವು. ಅದು ದೊಡ್ಡತನವಲ್ಲ, ಲೆಕ್ಕ ಚುಕ್ತಾ ಮಾಡಿದ್ದು. ಋಣದ ಮಾತು ಕೂಲಿ ಕೊಟ್ಟ ಮೇಲೆ ಶುರುವಾಗುತ್ತದೆ, ಕೂಲಿಯ ಬದಲಿಗೆ ಅಲ್ಲ.

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗೆ ತ್ರಿಕೋನದ ಮಡಿಕೆ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಫೂಲ ಇಲ್ಲದ ಕೌದಿ ಬತ್ತಲೆ ಎಂದು ಅವರ ಮಾತು. ನಮ್ಮ ಮನೆಯಲ್ಲಿ ಬೇರೆ ರೂಢಿ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಒಂದು ಚೂರು ಇಡುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು.

ಹೋಳಿಹುಣ್ಣಿಮೆಯ ದಿನ ಕೌದಿ ಮುಗಿಯಿತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅವ್ವ ಮೊದಲ ಹೋಳಿಗೆಯನ್ನು ಹೊಲಿದ ತಾಯಿಯ ತಾಟಿಗೆ ಬಡಿಸಿ, ಅದರಿಂದಲೇ ಒಂದು ಚೂರು ಕೇಳಿ ಪಡೆದು ಮೂಲೆಯೊಳಗೆ ಇಟ್ಟಳು. ಖಾದಿಯ ತುಂಡು ಮತ್ತೆ ಒಳಗೇ ಹೋಯಿತು. ಅರ್ಧ ತೇರೂ ಹಾಗೇ ಇದೆ. ಆಕಾಶ ಬಣ್ಣದ ಚೌಕವನ್ನು ಮಾತ್ರ ಮೇಲೆ, ಕಾಣುವ ಹಾಗೆ ಹೊಲಿಯಿರಿ ಎಂದು ನಾವು ಕೇಳಿಕೊಂಡೆವು.

ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಕೌದಿ ಇರಬಹುದು. ಬಿಚ್ಚಲೇಬೇಕೆಂದಿಲ್ಲ. ಹರಿದ ಮೂಲೆಯಲ್ಲಿ ಇಣುಕಿ ನೋಡಿ, ಪಕ್ಕದಲ್ಲಿ ಹಿರಿಯರು ಇದ್ದರೆ ಇದು ಯಾರ ಸೀರೆ ಎಂದು ಕೇಳಿ. ಅವರು ಇರುವಾಗಲೇ ಕೇಳಿ.